ಜೋಗತಿ ಮೇಳ

ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ, ದೇವಿಗೆ ಮೀಸಲಾದ ಗುರುತಾಗಿ ಮುತ್ತು ಕಟ್ಟಿಸಿಕೊಂಡ ಜೋಗಮ್ಮ, ಜೋಗಪ್ಪಂದಿರ ಹಾಡು, ಕುಣಿತ ಮತ್ತು ಆಟದ ತಂಡ. ಗಂಡಾಗಿ ಹುಟ್ಟಿ, ದೇವಿಯ ಸೇವೆಗೆ ನಿಂತು, ಸೀರೆಯುಟ್ಟು ಹೆಣ್ಣಾಗಿ ಬಾಳುವವರು ಜೋಗಪ್ಪಂದಿರು. ಇವರನ್ನು ಜೋಗತಿಯರೆಂದೂ ಕರೆಯುತ್ತಾರೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಬಳ್ಳಾರಿ, ಕೊಪ್ಪಳ ಸೀಮೆಗಳಲ್ಲಿ ಈ ಪರಂಪರೆ ಇದೆ.

ಧಾರವಾಡದಿಂದ ಸುಮಾರು 40 ಕಿ.ಮೀ. ದೂರದ ಎಲ್ಲಮ್ಮನ ಗುಡ್ಡ ಈ ಮೇಳಗಳ ಮುಖ್ಯ ನೆಲೆ. ಮಾಘದ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಅರಿಶಿನದ ಭಂಡಾರ ಹಾರುವಾಗ, ‘ಉಧೋ ಉಧೋ’ ಎಂಬ ಕೂಗಿನ ನಡುವೆ ಮೇಳಗಳು ಹಾಡುತ್ತವೆ. ಚೌಡಿಕೆ, ಶ್ರುತಿ, ತಾಳ ಮೇಳದ ವಾದ್ಯಗಳು. ದೇವಿಯ ಮೂರ್ತಿಯಿರುವ ಕೊಡವನ್ನು ತಲೆಯ ಮೇಲಿಟ್ಟು, ಕೈ ಹಿಡಿಯದೆ ಬಾಗಿ, ಕುಳಿತು, ಸುತ್ತಿ ಕುಣಿಯುವುದು ಜೋಗತಿ ನೃತ್ಯದ ಹೆಚ್ಚುಗಾರಿಕೆ. ಎಲ್ಲಮ್ಮನೆಂದು ಪೂಜೆಗೊಳ್ಳುವ ರೇಣುಕೆ, ಜಮದಗ್ನಿ, ಪರಶುರಾಮರ ಕಥೆ ಎಲ್ಲಮ್ಮನಾಟವಾಗಿ ರಂಗಕ್ಕೆ ಬರುತ್ತದೆ.

ಇದೇ ಸೀಮೆಯ ವೃತ್ತಿ ನಾಟಕ ಕಂಪನಿಗಳಲ್ಲೂ ಒಂದು ಕಾಲಕ್ಕೆ ಗಂಡಸರೇ ಸ್ತ್ರೀಪಾತ್ರ ಮಾಡುತ್ತಿದ್ದರು. ಅವರ ಸೀರೆ ಆಟದೊಂದಿಗೆ ಮುಗಿಯುತ್ತಿತ್ತು. ನಟಿಯರು ಬಂದ ಮೇಲೆ ಆ ರೂಢಿ ಹಿಂದೆ ಸರಿಯಿತು. ಇನ್ನೊಂದೆಡೆ, 1969ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಕಾಕೆಟ್ಸ್ ಎಂಬ ರಂಗತಂಡ ಸಮಾಜದ ರೂಢಿಯನ್ನು ಧಿಕ್ಕರಿಸಲೆಂದೇ ಹೆಣ್ಣುವೇಷ ತೊಟ್ಟಿತು. ಆದರೆ ಜೋಗತಿಯರಿಗೆ ಸೀರೆ ವೇಷವಲ್ಲ, ಬದುಕು. ಮನೆಯಿಂದ ಹೊರಬಿದ್ದ ಎಷ್ಟೋ ಮಂದಿಗೆ ಮೇಳವೇ ಮನೆಯಾಯಿತು, ಹಿರಿಯ ಜೋಗತಿಯೇ ಗುರುವಾದಳು. ಪೂಜೆಯ ಹೊತ್ತಿಗೆ ಕೈಮುಗಿದ ಸಮಾಜವೇ ಬೀದಿಯಲ್ಲಿ ಅವರನ್ನು ಹಂಗಿಸಿದೆ.

ಕಾಳವ್ವ ಜೋಗತಿಯ ಮೇಳದಲ್ಲಿ ಬೆಳೆದ ಮಂಜಮ್ಮ ಜೋಗತಿ ಈ ಕಲೆಯನ್ನು ಗುಡಿಯ ಅಂಗಳದಿಂದ ರಾಜ್ಯದ ವೇದಿಕೆಗಳಿಗೆ ತಂದರು. ಅವರಿಗೆ 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2021ರಲ್ಲಿ ಪದ್ಮಶ್ರೀ ಸಂದವು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಅವರು ಆ ಸ್ಥಾನಕ್ಕೇರಿದ ಮೊದಲ ಲಿಂಗತ್ವ ಅಲ್ಪಸಂಖ್ಯಾತೆ. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ‘ನಡುವೆ ಸುಳಿವ ಹೆಣ್ಣು’ ಅವರ ಆತ್ಮಕಥನ.

ಹೆಣ್ಣುಮಕ್ಕಳನ್ನು ಜೋಗಮ್ಮಂದಿರಾಗಿ ದೇವರಿಗೆ ಬಿಡುವ ಪದ್ಧತಿಯನ್ನು ಕರ್ನಾಟಕದ 1982ರ ಕಾಯ್ದೆ ನಿಷೇಧಿಸಿತು. 2014ರಲ್ಲಿ ಸುಪ್ರೀಂ ಕೋರ್ಟ್ ಲಿಂಗತ್ವ ಅಲ್ಪಸಂಖ್ಯಾತರ ಗುರುತನ್ನು ಮಾನ್ಯ ಮಾಡಿತು. 2021ರಲ್ಲಿ ರಾಜ್ಯ ಸರ್ಕಾರ ತನ್ನ ನೇಮಕಾತಿಗಳಲ್ಲಿ ಅವರಿಗೆ ಶೇ. 1ರಷ್ಟು ಮೀಸಲಾತಿ ನೀಡಿತು. ಕಾನೂನು ಹೀಗೆ ಬದಲಾಗಿರುವಾಗ ಮುಂದಿನ ಪೀಳಿಗೆಗೆ ಚೌಡಿಕೆ ಹಿಡಿಯಲು ಮುತ್ತಿನ ಕಟ್ಟು ಬೇಕಿಲ್ಲ. ಕಲಿಸುವ ಶಾಲೆ, ಹೊಟ್ಟೆ ತುಂಬುವ ಸಂಭಾವನೆ ಮತ್ತು ಬಾಡಿಗೆಗೆ ಸಿಗುವ ಒಂದು ಮನೆ ಬೇಕು.