ಚಳಿಯ ನಿದ್ದೆ, ಬೇಸಿಗೆಯ ನಿದ್ದೆ: ಕೃಷ್ಣಾ–ಘಟಪ್ರಭಾ ಸೀಮೆಯಲ್ಲಿ ಕಾಡು ಗಡ್ಡೆಹೂಗಳು

ಪಿಯೊನಿಯ ಬೇರು ಯುನಾನಿ ವೈದ್ಯದಲ್ಲಿ ಊದ್ ಸಲೀಬ್. ಮೂರ್ಛೆರೋಗಕ್ಕೆ ಅದನ್ನು ಕೊಡುವ ರೂಢಿ ಬಹಳ ಹಳೆಯದು. ಈ ಬೇರನ್ನು ಕೊರಳಿಗೆ ಕಟ್ಟಿದಷ್ಟು ದಿನ ಹುಡುಗನೊಬ್ಬನಿಗೆ ಮೂರ್ಛೆ ಬರಲಿಲ್ಲವೆಂದು 2ನೇ ಶತಮಾನದ ಗ್ರೀಕ್ ವೈದ್ಯ ಗೇಲನ್ ಬರೆದಿದ್ದಾನೆ. ಆ ವೈದ್ಯಪರಂಪರೆ ಅರಬ್ಬಿ, ಪರ್ಷಿಯನ್ ಭಾಷೆಗಳನ್ನು ಹಾದು ದಖನ್ನಿಗೂ ಬಂತು. ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿದ್ದ ಇತಿಹಾಸಕಾರ ಫಿರಿಸ್ತಾ ವೈದ್ಯನೂ ಹೌದು. ಭಾರತೀಯ ಚಿಕಿತ್ಸಾಕ್ರಮವನ್ನು ಪರ್ಷಿಯನ್ ಓದುಗರಿಗಾಗಿ 'ದಸ್ತೂರುಲ್ ಅತಿಬ್ಬಾ' ಎಂಬ ಗ್ರಂಥದಲ್ಲಿ ವಿವರಿಸಿದ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ನೆಲವೆಲ್ಲ ಆಗ ಆ ರಾಜ್ಯದ್ದೇ. ಇಂಥ ಸೀಮೆಗೆ ಪಿಯೊನಿ ಒಣಬೇರಾಗಿ ನಿಲುಕುವ ವಸ್ತು, ಹೂಗಿಡವಾಗಿ ಅಲ್ಲ. ಅದು ಯಾಕೆ, ಅದರ ಬದಲು ಇಲ್ಲಿಗೆ ಒಗ್ಗುವ ಕಾಡುಹೂ ಯಾವುದು ಎಂಬುದು ಈ ಲೇಖನದ ವಿಷಯ.

ಭಾರತದಲ್ಲಿ ತಾನಾಗಿ ಬೆಳೆಯುವ ಕಾಡು ಪಿಯೊನಿಯೆಂದರೆ ಪಶ್ಚಿಮ ಹಿಮಾಲಯದ ಪಿಯೋನಿಯ ಎಮೋಡಿ. ಬಿಳಿ ಹೂ, ನಡುವೆ ಹಳದಿ ಕೇಸರದ ಗುಚ್ಛ. ಚಳಿಗಾಲಕ್ಕೆ ಕಾಂಡ ಪೂರ್ತಿ ಒಣಗಿ, ಮಣ್ಣೊಳಗಿನ ದಪ್ಪ ಬೇರು ಮಾತ್ರ ಉಳಿಯುತ್ತದೆ. ಕಾಡು ಪಿಯೊನಿಗಳನ್ನು ಒಟ್ಟಾಗಿ ಅಭ್ಯಾಸಮಾಡಿ 1946ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದವರು ಇಂಗ್ಲೆಂಡಿನ ಫ್ರೆಡರಿಕ್ ಸ್ಟರ್ನ್. ಅವರು ತಮ್ಮ ಹೈಡೌನ್ ತೋಟವನ್ನು ಮಾಡಿದ್ದು ಹಳೆಯ ಸೀಮೆಸುಣ್ಣದ ಗಣಿಯೊಂದರಲ್ಲಿ. ಇದನ್ನು ಓದಿದಾಗ ನಮ್ಮ ಲೋಕಾಪುರ, ಮುದ್ದಾಪುರದ ಸುಣ್ಣಕಲ್ಲು ನೆನಪಾಗದೆ ಇರದು. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ದಕ್ಷಿಣ ಮರಾಠಾ ಪ್ರದೇಶದ ಭೂವಿವರಣೆ ಪ್ರಕಟಿಸಿ, ಈ ಸುಣ್ಣಕಲ್ಲು, ಮರಳುಗಲ್ಲುಗಳನ್ನು ಕಲಾದಗಿ ಶ್ರೇಣಿಯೊಳಗೆ ಸೇರಿಸಿದ್ದರು. ಸುಣ್ಣದ ನೆಲವೊಂದೇ ಸಾಲುವುದಾದರೆ ಮುಧೋಳ ತಾಲ್ಲೂಕಿನಲ್ಲೂ ಪಿಯೊನಿ ಅರಳಬೇಕಿತ್ತು.

ತೊಡಕಿರುವುದು ಚಳಿಯಲ್ಲಿ. ಪಿಯೊನಿಯ ಮೊಗ್ಗು ಎಚ್ಚರಗೊಳ್ಳಬೇಕಾದರೆ ಬೇರಿನ ತಲೆ ಹಲವು ವಾರ ಸರಿಸುಮಾರು 0ರಿಂದ 7 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಬಾಗಲಕೋಟೆ ಜಿಲ್ಲೆಯ ಬಯಲಿನಲ್ಲಿ ಡಿಸೆಂಬರಿನ ರಾತ್ರಿಗಳೂ ಸಾಮಾನ್ಯವಾಗಿ 10 ಡಿಗ್ರಿಗಿಂತ ಮೇಲೇ ಇರುತ್ತವೆ. ಫ್ರಿಜ್ಜಿನಲ್ಲಿಟ್ಟು ಮೊಗ್ಗನ್ನು ಎಬ್ಬಿಸಿದರೂ ಮುಂದೆ ಬರುವುದು ಏಪ್ರಿಲಿನ ಬಿಸಿಲು. ಹಟಕ್ಕೆ ಬಿದ್ದು ತರಿಸುವವರಿಗೆ ಹೇಳಬಹುದಾದ್ದು ಇಷ್ಟೇ: ದುಡ್ಡು ನಿಮ್ಮದು.

ಹಾಗೆಂದು ನೆಲದಡಿ ನಿದ್ದೆಹೋಗಿ ಮತ್ತೆ ಏಳುವ ಕಾಡುಹೂಗಳು ಇಲ್ಲಿಗೆ ಹೊಸತೇನಲ್ಲ. ಇಲ್ಲಿನವು ಮಲಗುವುದು ಬೇಸಿಗೆಯಲ್ಲಿ. ಅವುಗಳಲ್ಲಿ ಚೆಲುವಿಗೆ ಮೊದಲು ಹೆಸರಿಸಬೇಕಾದ್ದು ಗೌರಿಹೂವು, ಅಂದರೆ ಅಗ್ನಿಶಿಖೆ. ಮಿರಗದ ಮಳೆಯ ಹೊತ್ತಿಗೆ ಮೊಳಕೆ ಒಡೆದು, ಎಲೆಯ ತುದಿಯನ್ನೇ ಬಳ್ಳಿಕುಡಿಯಾಗಿ ಸುತ್ತಿ, ಬೇಲಿ ಹತ್ತಿ, ಶ್ರಾವಣ-ಭಾದ್ರಪದದಲ್ಲಿ ಅರಳುತ್ತದೆ. ಹೂವನ್ನು ಹತ್ತಿರದಿಂದ ನೋಡಬೇಕು. ಆರು ದಳಗಳೂ ಹಿಂದಕ್ಕೆ ಮಡಚಿ ಮೇಲೆದ್ದಿರುತ್ತವೆ, ಅಂಚು ಅಲೆಅಲೆ. ಮೊದಲು ಹಸಿರು, ಆಮೇಲೆ ಹಳದಿ, ಕೊನೆಗೆ ಬುಡದವರೆಗೂ ಕೆಂಪು. ಶಲಾಕೆ ಅಂಡಾಶಯದ ಬಳಿಯೇ ಲಂಬಕೋನದಲ್ಲಿ ಬಾಗಿ ಹೂವಿನಿಂದ ಹೊರಗೆ ಚಾಚಿರುತ್ತದೆ.

ಡಚ್ ಅಧಿಕಾರಿ ವ್ಯಾನ್ ರೀಡ್‌ನ 'ಹೋರ್ತುಸ್ ಮಲಬಾರಿಕಸ್' ಇದನ್ನು 1688ರ ಸಂಪುಟದಲ್ಲಿ ಮೆಂದೋನಿ ಎಂಬ ಮಲಯಾಳಂ ಹೆಸರಿನಲ್ಲಿ ಚಿತ್ರಸಹಿತ ದಾಖಲಿಸಿತು. ಆ ಶತಮಾನ ಮುಗಿಯುವಷ್ಟರಲ್ಲಿ ಗಿಡ ಯುರೋಪಿನ ಬಿಸಿಮನೆಗಳನ್ನು ಸೇರಿತ್ತು. 1753ರಲ್ಲಿ ಲಿನೇಯಸ್ ಅದಕ್ಕೆ ಗ್ಲೋರಿಯೋಸ ಸುಪರ್ಬ ಎಂದು ಹೆಸರಿಟ್ಟ. ಥಿಯೋಡೋರ್ ಕುಕ್ 1901ರಿಂದ 1908ರವರೆಗೆ ಕಂತುಕಂತಾಗಿ ಹೊರತಂದ ಮುಂಬಯಿ ಪ್ರಾಂತದ ಸಸ್ಯಗ್ರಂಥದಲ್ಲೂ ಅದಕ್ಕೆ ಸ್ಥಾನವಿದೆ. ಜಮಖಂಡಿ, ಮುಧೋಳ ಸಂಸ್ಥಾನಗಳಿದ್ದ ದಕ್ಷಿಣ ಮರಾಠಾ ಸೀಮೆಯನ್ನು ಕುಕ್ ಪ್ರತ್ಯೇಕ ವಿಭಾಗವಾಗಿಯೇ ಎಣಿಸಿದ್ದರು.

ಯುರೋಪಿನ ತೋಟಗಾರರು ಚಳಿಗಾಲದಲ್ಲಿ ಇದರ ಕುಂಡಕ್ಕೆ ನೀರು ನಿಲ್ಲಿಸಿ ಗಡ್ಡೆಯನ್ನು ಒಣದಾಗಿ ಇಡುತ್ತಿದ್ದರು. ನಮ್ಮ ಬೇಸಿಗೆಯನ್ನು ಅವರು ಅಲ್ಲಿ ಕೈಯಾರೆ ಮಾಡಿಕೊಂಡಂತಾಯಿತು. ಇಲ್ಲಿ ಆದದ್ದು ಅದರ ವಿರುದ್ಧ. 19ನೇ ಶತಮಾನದ ಕೊನೆಯ ಧೂಪದಾಳ ಒಡ್ಡು, 1977ರ ಹಿಡಕಲ್ ಜಲಾಶಯ, ಘಟಪ್ರಭಾ ಎಡದಂಡೆ ಕಾಲುವೆ, ಕೃಷ್ಣೆಗೆ ಹಿಪ್ಪರಗಿ ಬ್ಯಾರೇಜು, ಕೆಳಗೆ ಆಲಮಟ್ಟಿಯ ಹಿನ್ನೀರು: ನೂರು ವರ್ಷದ ಆಸುಪಾಸಿನಲ್ಲಿ ಒಣಬೇಸಾಯದ ಸೀಮೆ ಕಬ್ಬಿನ ಸೀಮೆಯಾಯಿತು. ರೈತನಿಗೆ ಅದರಿಂದ ಬದುಕು ಬಂತು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ವರ್ಷವಿಡೀ ತೇವವಿರುವ ಎರಿ ಮಣ್ಣಿನಲ್ಲಿ ಬೇಸಿಗೆ ನಿದ್ದೆಯ ಗಡ್ಡೆ ಕೊಳೆಯುತ್ತದೆ, ಗಿಡಕ್ಕೆ ಆಸರೆಯಾಗಿದ್ದ ಮುಳ್ಳುಬೇಲಿಗೂ ಕಬ್ಬಿನ ಗದ್ದೆಯಲ್ಲಿ ಜಾಗವಿಲ್ಲ. ಗೌರಿಹೂವಿಗೆ ತಕ್ಕ ನೆಲವೆಂದರೆ ನೀರು ನಿಲ್ಲದ ಮಸಾರಿ ಮತ್ತು ಮಡ್ಡಿ, ಬೀಳಗಿ ಕಡೆಯ ಗುಡ್ಡಗಳ ಇಳಿಜಾರಿನಂಥದು.

ಇದನ್ನು ಅಂಗಳಕ್ಕೆ ತರುವಾಗ ಎಚ್ಚರವಿರಬೇಕಾದ್ದು ವಿಷದ ಬಗ್ಗೆ. ಗಡ್ಡೆ, ಬೀಜ ಎರಡರಲ್ಲೂ ಕಾಲ್ಚಿಸಿನ್ ಇದೆ. ಗಡ್ಡೆ ತಿಂದು ಸತ್ತವರ ವರದಿಗಳು ವೈದ್ಯಸಾಹಿತ್ಯದಲ್ಲಿ ಹಲವು. ಅದೇ ಕಾಲ್ಚಿಸಿನ್ ಗೌಟ್ ಎಂಬ ಸಂಧಿನೋವಿಗೆ ಮದ್ದು. ತಮಿಳುನಾಡಿನಲ್ಲಿ ಬೀಜಕ್ಕಾಗಿಯೇ ಈ ಬಳ್ಳಿಯನ್ನು ಹೊಲದಲ್ಲಿ ಬೆಳೆಯುತ್ತಾರೆ, ಹೂವು ಆ ರಾಜ್ಯದ ರಾಜ್ಯಪುಷ್ಪವೂ ಹೌದು. ಬಾಗಲಕೋಟೆಯಲ್ಲೇ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಮಡ್ಡಿ ನೆಲಕ್ಕೊಪ್ಪುವ ಅಲಂಕಾರ ಗಿಡಗಳ ಸಾಲಿನಲ್ಲಿ ಅದು ಗೌರಿಹೂವಿಗೆ ಮೊದಲ ಸ್ಥಾನ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಬೆಳೆಸುವವರು ಗಡ್ಡೆಯನ್ನು ತಿಳಿದಿರಬೇಕು. ಕವಲೊಡೆದು ನೇಗಿಲಿನಂತೆ ಬಾಗಿರುವ ಅದರ ತೋಳುಗಳ ತುದಿಯಲ್ಲಷ್ಟೇ ಮೊಳಕೆಯ ಕಣ್ಣಿರುತ್ತದೆ. ಅಗೆಯುವಾಗ ತುದಿ ಮುರಿದರೆ ಆ ತೋಳು ಚಿಗುರುವುದಿಲ್ಲ. ಪ್ರತಿ ಮಳೆಗಾಲ ಹಳೆ ಗಡ್ಡೆ ಸೊರಗಿ ಹೊಸದು ಕಟ್ಟುತ್ತದೆ. ಬೀಜದಿಂದ ಎಬ್ಬಿಸಿದರೆ ಹೂ ಕಾಣಲು ಮೂರು-ನಾಲ್ಕು ವರ್ಷ ಬೇಕು. ಬೇಲಿಯಿಂದ ಗಡ್ಡೆ ಕಿತ್ತು ತರುವ ಆಸೆ ಹುಟ್ಟುವುದು ಇದರಿಂದಲೇ. ಹಾಗೆ ಕಿತ್ತಲ್ಲಿ ಮುಂದಿನ ಮಳೆಗಾಲಕ್ಕೆ ಬಳ್ಳಿ ಇರುವುದಿಲ್ಲ. ನವೆಂಬರಿನಲ್ಲಿ ಕಾಯಿ ಒಡೆದಾಗ ಕಾಣುವ ಕೆಂಪು ಬೀಜಗಳನ್ನು ಕೈಗವಸು ಹಾಕಿ ಆರಿಸಿಕೊಂಡು, ಮಸಾರಿಯೂ ಮರಳೂ ಬೆರೆತ ಮಣ್ಣಿನಲ್ಲಿ ಜೂನಿಗೆ ಬಿತ್ತಬಹುದು. ಮಕ್ಕಳೂ ದನಕರುಗಳೂ ಅಡ್ಡಾಡುವ ಜಾಗ ಮಾತ್ರ ಆಗಿರಬಾರದು.