ಉಸಿರು ನೀಲಿಗಟ್ಟಿದ ಕಾಲ

ಯಶವಂತಪುರ ಬಿಟ್ಟು ತುಮಕೂರಿನ ಕಡೆಗೆ ಹೊರಟ ರೈಲು ಸ್ವಲ್ಪ ಹೊತ್ತಿಗೆಲ್ಲ ಚಿಕ್ಕಬಾಣಾವರವನ್ನು ಮುಟ್ಟುತ್ತದೆ. ಈಗ ಬೆಂಗಳೂರಿನೊಡನೆ ಬೆಸೆದುಹೋಗಿರುವ ಈ ಊರು ಒಂದು ಕಾಲಕ್ಕೆ ಕೆರೆ, ರಾಗಿ ಹೊಲಗಳ ನಡುವಿನ ಹಳ್ಳಿ. 1884ರಲ್ಲಿ ಬೆಂಗಳೂರು-ತುಮಕೂರು ರೈಲುಮಾರ್ಗ ಇದರ ಪಕ್ಕದಲ್ಲೇ ಹಾದುಹೋಯಿತು. ಮುಂದಿನ ದಶಕದಲ್ಲಿ ಹೆಸರಘಟ್ಟದ ನೀರನ್ನು ನೆರೆಯ ಸೋಲದೇವನಹಳ್ಳಿಯಿಂದ ಯಂತ್ರಗಳ ಮೂಲಕ ನಗರಕ್ಕೆ ಎತ್ತಿ ಕಳಿಸುವ ಏರ್ಪಾಡೂ ಆಯಿತು. ಹೀಗೆ ನಗರಕ್ಕೆ ನೀರು ಈ ಸೀಮೆಯಿಂದ ಹೋಗುತ್ತಿತ್ತು. ನಗರಗಳ ರೋಗ ರೈಲುಹಳಿಯ ಗುಂಟ ಹಳ್ಳಿಗಳಿಗೆ ಬರುತ್ತಿತ್ತು.

1918ರಲ್ಲಿ ಬಂದದ್ದು ಇನ್‌ಫ್ಲುಯೆಂಜಾ. ಜೂನ್‌ನಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡಾಗ ಅದು ಮೂರು ದಿನದ ಸಾಧಾರಣ ಜ್ವರ. ಮಲಗಿದವರು ಎದ್ದು ಕೆಲಸಕ್ಕೆ ಹೋದರು. ಸೆಪ್ಟೆಂಬರ್‌ನಲ್ಲಿ ಎದ್ದ ಎರಡನೆಯ ಅಲೆಯ ಸ್ವಭಾವವೇ ಬೇರೆಯಾಗಿತ್ತು. ಮುಂಬಯಿಯಿಂದ ಪುಣೆ, ಹುಬ್ಬಳ್ಳಿ, ಹರಿಹರ, ತುಮಕೂರುಗಳ ಮೂಲಕ ಬೆಂಗಳೂರಿಗೆ ಹಳಿ ಇತ್ತು. ಇನ್ನೊಂದು ದಿಕ್ಕಿನಲ್ಲಿ ಮದರಾಸಿನ ಹಳಿ. ಕೆಲವೇ ವಾರಗಳಲ್ಲಿ ಮೈಸೂರು ಸಂಸ್ಥಾನವೆಲ್ಲ ಹಾಸಿಗೆ ಹಿಡಿಯಿತು. ಅದೇ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಸವಾರರು ದೂರದ ಹೈಫಾ ಪಟ್ಟಣವನ್ನು ಗೆದ್ದದ್ದು ಎಲ್ಲರಿಗೂ ಗೊತ್ತು. ಆ ದಿನಗಳಲ್ಲೇ ಮನೆಯ ಕಡೆ ನಡೆದ ಸಾವುಗಳನ್ನು ನೆನೆಯುವವರು ಕಡಿಮೆ.

ಸಮಯವೂ ಕೆಟ್ಟದ್ದೇ ಆಗಿತ್ತು. ಆ ವರ್ಷ ದೇಶದಲ್ಲಿ ಮುಂಗಾರು ಕೈಕೊಟ್ಟಿತ್ತು. ಯುದ್ಧದಿಂದಾಗಿ ಧಾನ್ಯ, ಬಟ್ಟೆಗಳ ಬೆಲೆ ಏರಿತ್ತು. ಹಸಿದ ಮೈಗೆ ಜ್ವರ ಬಂದರೆ ಆಗುವುದೇನೆಂದು ಬಿಡಿಸಿ ಹೇಳಬೇಕಿಲ್ಲ. ವಿಚಿತ್ರವೆಂದರೆ, ಸಾಮಾನ್ಯವಾಗಿ ಎಳೆಯ ಮಕ್ಕಳನ್ನೂ ಮುದುಕರನ್ನೂ ಒಯ್ಯುವ ಈ ರೋಗ ಆ ಸಲ ಇಪ್ಪತ್ತರಿಂದ ನಲವತ್ತರೊಳಗಿನ ಗಟ್ಟಿಮುಟ್ಟಾದವರನ್ನು ಹುಡುಕಿ ಹೊಡೆಯಿತು. ಉಳುವ ಗಂಡಸೂ, ಹಾಲೂಡಿಸುವ ತಾಯಿಯೂ ಒಂದೇ ವಾರದಲ್ಲಿ ಮಲಗಿದರೆ ಆ ಮನೆಯಲ್ಲಿ ಗಂಜಿ ಕಾಯಿಸುವವರು ಯಾರು?

ಆಗ ಜನರನ್ನು ಕೊಂದದ್ದು ಬರಿಯ ಜ್ವರವಲ್ಲ, ಶ್ವಾಸಕೋಶದ ಸೋಲು. ನಮ್ಮ ಶ್ವಾಸಕೋಶದಲ್ಲಿ ಕೋಟ್ಯಂತರ ಸಣ್ಣ ಗಾಳಿಗೂಡುಗಳಿವೆ. ಅವುಗಳ ತೆಳುಗೋಡೆಯ ಮೂಲಕ ಆಮ್ಲಜನಕ ರಕ್ತಕ್ಕೆ ಸೇರುತ್ತದೆ. ವೈರಸ್ ಆ ಗೋಡೆಯನ್ನು ಕೆಡಿಸಿದಾಗ ರಕ್ತನಾಳದ ದ್ರವ ಗೂಡಿನೊಳಕ್ಕೆ ಸೋರುತ್ತದೆ. ರೋಗಿ ಎಷ್ಟೇ ಏದುಸಿರು ಬಿಟ್ಟರೂ ಆಮ್ಲಜನಕ ಒಳಗೆ ಹೋಗುವುದಿಲ್ಲ. ಒಂದು ಬಗೆಯಲ್ಲಿ ಒಣನೆಲದ ಮೇಲೆಯೇ ಮುಳುಗಿದಂತೆ. ತುಟಿ, ಕಿವಿ, ಕೆನ್ನೆಗಳಿಗೆ ನೇರಳೆ ಮಿಶ್ರಿತ ನೀಲಿ ಬಣ್ಣ ಬರುತ್ತದೆ. ಅಂದಿನ ವೈದ್ಯರು ಈ ಬಣ್ಣವನ್ನು ಕಂಡೊಡನೆ ಆಸೆ ಬಿಡುತ್ತಿದ್ದರು. ಇನ್ನು ಬಹುಮಂದಿಯಲ್ಲಿ ವೈರಸ್ ಬಾಗಿಲು ತೆರೆದುಕೊಟ್ಟ ಮೇಲೆ ಬ್ಯಾಕ್ಟೀರಿಯಾಗಳು ನುಗ್ಗಿ ನ್ಯುಮೋನಿಯಾ ಉಂಟುಮಾಡಿದವು. ಪೆನ್ಸಿಲಿನ್ ಕಂಡುಹಿಡಿಯಲು ಇನ್ನೂ ಹತ್ತು ವರ್ಷ ಬಾಕಿಯಿತ್ತು. ರೋಗಕ್ಕೆ ಕಾರಣವಾದ ವೈರಸ್ ಮನುಷ್ಯರಿಂದ ಬೇರ್ಪಟ್ಟು ಸಿಕ್ಕಿದ್ದಂತೂ 1933ರಲ್ಲಿ. ಅಲ್ಲಿಯವರೆಗೆ ಫೈಫರ್ ಎಂಬ ಜರ್ಮನ್ ವಿಜ್ಞಾನಿ ಹೆಸರಿಸಿದ್ದ ಒಂದು ಬ್ಯಾಕ್ಟೀರಿಯಾದ ಮೇಲೆಯೇ ಬಹಳ ಜನರ ಗುಮಾನಿ.

ಮೈಸೂರು ಸಂಸ್ಥಾನದ ಆಡಳಿತ ಸುಮ್ಮನೆ ಕೂರಲಿಲ್ಲ. ಅದು ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಡೆಯ ತಿಂಗಳುಗಳು. ರೋಗದ ಬಗ್ಗೆ ಕರಪತ್ರಗಳು ಹೊರಟವು. ಬೆಂಗಳೂರಿನಲ್ಲಿ ಸ್ವಯಂಸೇವಕರು ಬಡವರ ಮನೆಗಳಿಗೆ ಔಷಧಿ, ಗಂಜಿ ಹಂಚಿದರು. ಆದರೆ ಆಡಳಿತಕ್ಕೆ ರೂಢಿಯಾಗಿದ್ದದ್ದು ಪ್ಲೇಗಿನ ಪಾಠ. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದಾಗ ಊರು ಬಿಡಿಸಿ, ಬಯಲಲ್ಲಿ ಗುಡಿಸಲು ಹಾಕಿಸಿದ್ದರು. ಇಲಿ ಬೀಳುವುದನ್ನು ನೋಡಿ ಮನೆ ಬಿಡುವುದನ್ನು ಹಳ್ಳಿಗರೂ ಕಲಿತಿದ್ದರು. ಉಸಿರಿನಲ್ಲೇ ಹರಡುವ ರೋಗಕ್ಕೆ ಊರು ಬಿಟ್ಟು ಹೋಗುವುದಾದರೂ ಎಲ್ಲಿಗೆ? ರೋಗ ಬಯಲಿಗೂ ಜೊತೆಯಲ್ಲೇ ಬರುತ್ತಿತ್ತು. 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆ ನಗರದಲ್ಲಿತ್ತು, ನಿಜ. ಗಾಡಿ ಕಟ್ಟಿಕೊಂಡು ಅಲ್ಲಿಗೆ ತಲುಪಿದರೂ ಕೊಡಲು ವೈದ್ಯರ ಕೈಯಲ್ಲಿ ನಿಜವಾದ ಮದ್ದಿರಲಿಲ್ಲ.

ಸತ್ತವರ ಲೆಕ್ಕವೂ ಸರಿಯಾಗಿ ಸಿಗುವುದಿಲ್ಲ. ಹಳ್ಳಿಗಳಲ್ಲಿ ಜನನ ಮರಣ ಬರೆಯುತ್ತಿದ್ದವರು ಗ್ರಾಮಾಧಿಕಾರಿಗಳು. ಅವರ ಪುಸ್ತಕದಲ್ಲಿ ಮಲೇರಿಯಾದ ಸಾವೂ, ಇನ್‌ಫ್ಲುಯೆಂಜಾದ ಸಾವೂ ಸಾಮಾನ್ಯವಾಗಿ ‘ಜ್ವರ’ ಎಂಬ ಒಂದೇ ಮಾತಿನೊಳಗೆ ಸೇರಿಹೋಗುತ್ತಿದ್ದವು. ಬರೆಯುವವನೇ ಮಲಗಿದರೆ ಅದೂ ಇಲ್ಲ. ಭಾರತದಲ್ಲಿ ಸತ್ತವರು ಒಂದು ಕೋಟಿ ಇಪ್ಪತ್ತು ಲಕ್ಷದಿಂದ ಒಂದು ಕೋಟಿ ಎಂಬತ್ತು ಲಕ್ಷದವರೆಗೆ ಎಂಬ ಅಂದಾಜುಗಳಿವೆ. ಅದನ್ನು ಖಚಿತವಾಗಿ ಕಾಣಿಸುವುದು ಜನಗಣತಿ: ಇಂದಿನ ಕರ್ನಾಟಕದ ಸೀಮೆಯೊಳಗೆ 1911ರಲ್ಲಿ ಸುಮಾರು 1 ಕೋಟಿ 35 ಲಕ್ಷವಿದ್ದ ಜನ 1921ರಲ್ಲಿ ಸುಮಾರು 1 ಕೋಟಿ 34 ಲಕ್ಷಕ್ಕೆ ಇಳಿದಿದ್ದರು. ಹತ್ತು ವರ್ಷದಲ್ಲಿ ಹುಟ್ಟಿದವರು ಸತ್ತವರ ಜಾಗ ತುಂಬಲಾಗಲಿಲ್ಲ. ಪ್ಲೇಗಿಗೆ ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿಗಳು ಉಳಿದಿವೆ. ಇನ್‌ಫ್ಲುಯೆಂಜಾಕ್ಕೆ ಅಂಥ ಅಮ್ಮ ಹುಟ್ಟಲಿಲ್ಲ. ವರ್ಷ ವರ್ಷವೂ ಬಂದು ಹರಕೆ ಕೇಳುವ ರೋಗಕ್ಕೆ ಗುಡಿ ಕಟ್ಟಬಹುದು. ಕೆಲವೇ ವಾರಗಳಲ್ಲಿ ಮನೆ ಬರಿದುಮಾಡಿ ಹೋದದ್ದಕ್ಕೆ ಕಟ್ಟುವ ವ್ಯವಧಾನ ಯಾರಿಗಿತ್ತು?

ನೀಲಿಗಟ್ಟಿದ ರೋಗಿಯನ್ನು ಬದುಕಿಸುವ ದಾರಿ ತೆರೆದದ್ದು ಬೇರೊಂದು ರೋಗದಿಂದ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿ, ಉಸಿರಾಟದ ಸ್ನಾಯುಗಳು ಸೋತವರಿಂದ ಆಸ್ಪತ್ರೆ ತುಂಬಿತು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯ ಗಂಟಲಲ್ಲಿ ರಂಧ್ರ ಮಾಡಿ, ನಳಿಗೆ ಇಟ್ಟು, ರಬ್ಬರ್ ಚೀಲದಿಂದ ಗಾಳಿ ಒತ್ತಿಸಿದ. ಯಂತ್ರಗಳು ಸಾಲದೆ ಸುಮಾರು 1500 ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ವಾರಗಟ್ಟಲೆ ಕೈಯಲ್ಲೇ ಚೀಲ ಒತ್ತಿದರು. ಇಂದಿನ ತೀವ್ರ ನಿಗಾ ಘಟಕದ ಬೀಜ ಅದು. ಗಾಳಿಗೂಡಿನಲ್ಲಿ ದ್ರವ ತುಂಬುವ ಸ್ಥಿತಿಗೆ ವೈದ್ಯರು ಪ್ರತ್ಯೇಕ ರೋಗದ ರೂಪ ಕೊಟ್ಟು, 12 ರೋಗಿಗಳನ್ನು ಆಧರಿಸಿ ಬರೆದದ್ದು 1967ರಲ್ಲಿ.

2009ರಲ್ಲಿ ಎಚ್1ಎನ್1 ಜ್ವರ ಬಂದಾಗ ಬೆಂಗಳೂರಿಗೆ ಇದು ಕಣ್ಣೆದುರಿನ ಸಂಗತಿಯಾಯಿತು. ಕರ್ನಾಟಕದ ಮೊದಲ ಸಾವು ಆ ಆಗಸ್ಟ್‌ನಲ್ಲಿ ಈ ನಗರದಲ್ಲೇ ಸಂಭವಿಸಿತು. ತೀರಿಕೊಂಡವರು ಯುವ ಶಿಕ್ಷಕಿ. ಹರೆಯದವರನ್ನು ಹಿಡಿಯುವ ಹಳೆಯ ಚಾಳಿ ಮತ್ತೆ ಕಂಡಿತು. ಆದರೆ ಈಗ ವೆಂಟಿಲೇಟರ್ ಇತ್ತು, ವೈರಸ್ ತಡೆಯುವ ಗುಳಿಗೆ ಇತ್ತು, ರಕ್ತದಲ್ಲಿರುವ ಆಮ್ಲಜನಕವನ್ನು ಬೆರಳ ತುದಿಯಲ್ಲೇ ಅಳೆಯುವ ಸಾಧನವಿತ್ತು. ವೆಂಟಿಲೇಟರ್ ರೋಗವನ್ನು ಗುಣಪಡಿಸುವುದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಶ್ವಾಸಕೋಶ ತಾನಾಗಿ ಚೇತರಿಸಿಕೊಳ್ಳುವವರೆಗೆ ಕಾಲ ಕೊಡುವುದಷ್ಟೇ ಅದರ ಕೆಲಸ. ಗಾಳಿಯನ್ನು ಹೆಚ್ಚು ಒತ್ತಡದಲ್ಲಿ ತಳ್ಳಿದರೆ ಸೋತ ಗೂಡುಗಳು ಇನ್ನಷ್ಟು ಹರಿಯುತ್ತವೆ. ಅದಕ್ಕಾಗಿ ಸಣ್ಣ ಸಣ್ಣ ಉಸಿರನ್ನೇ ಕೊಡುತ್ತಾರೆ.

ಇನ್ನೊಂದು ಉಪಾಯ ಕೇಳಲು ತೀರ ಸರಳ. ರೋಗಿಯನ್ನು ದಿನದಲ್ಲಿ ಹದಿನಾರು ಗಂಟೆಯಷ್ಟು ಬೋರಲು ಮಲಗಿಸುವುದು. ಬೆನ್ನಿನ ಕಡೆ ಅದುಮಿಹೋಗಿದ್ದ ಗೂಡುಗಳು ಹಾಗೆ ಮಲಗಿದಾಗ ತೆರೆದುಕೊಳ್ಳುತ್ತವೆ. ತೀವ್ರ ಸ್ಥಿತಿಯಲ್ಲಿರುವವರ ಸಾವನ್ನು ಇದು ತಗ್ಗಿಸುತ್ತದೆಂದು 2013ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನ ತೋರಿಸಿತು. ಕೋವಿಡ್ ಕಾಲದಲ್ಲಿ ಅದು ಮನೆಮಾತಾಯಿತು. ಇದಕ್ಕೆ ಹೊಸ ಯಂತ್ರವೇನೂ ಬೇಡ. ಬಾಯಿಯ ನಳಿಗೆ ಕಳಚದಂತೆ, ಕಣ್ಣು ಒತ್ತದಂತೆ ಪ್ರಜ್ಞೆಯಿಲ್ಲದ ಮೈಯನ್ನು ಮಗುಚಲು ನಾಲ್ಕೈದು ಜನ ಒಟ್ಟಿಗೆ ಕೈಕೊಡಬೇಕು. ಒಬ್ಬರು ತಲೆಯ ಬಳಿ ನಿಂತು ಎಣಿಸುತ್ತಾರೆ, ಉಳಿದವರು ಆ ಎಣಿಕೆಗೆ ಸರಿಯಾಗಿ ತಿರುಗಿಸುತ್ತಾರೆ.