ಕೂಸಿನೊಡನೆ ಕಡಲಯಾನ: ಔಷಧಪೆಟ್ಟಿಗೆಯ ಚರಿತ್ರೆ

ಗೋಕಾಕ ಸೀಮೆಯ ಮಮದಾಪುರದಲ್ಲಿ ಹಸುಗೂಸಿಗೆ ನಡುರಾತ್ರಿ ಜ್ವರವೇರಿದರೆ ಹಿರಿಯರು ಸಿಕ್ಕ ವಾಹನವನ್ನೇರಿ ಗೋಕಾಕಕ್ಕೋ ಘಟಪ್ರಭೆಗೋ ಧಾವಿಸುತ್ತಾರೆ. ನೆಲದ ಮೇಲೆ ವೈದ್ಯನಿಗೂ ರೋಗಿಗೂ ನಡುವೆ ಇರುವುದು ದಾರಿ. ಕಡಲಿನಲ್ಲಿ ಆ ದಾರಿಯೇ ಇಲ್ಲ. ಮುಂಬಯಿಯಿಂದ ಗೋವೆಗೆ ತೆರಳುವ ವಿಹಾರನೌಕೆಗಳನ್ನು ನಮ್ಮ ಬಯಲುಸೀಮೆಯ ಕುಟುಂಬಗಳೂ ಏರಬಹುದಾದ ಈ ಕಾಲದಲ್ಲಿ, ಹಿಂದಿನವರು ಕೂಸುಗಳೊಡನೆ ಕಡಲು ದಾಟಿದ ಬಗೆಯನ್ನು ಅರಿಯುವುದು ಉಚಿತ.

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್, ಕುಟುಂಬವಿಲ್ಲದೆ ಬಂದವರು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಮಿಷನ್ ಕೇಂದ್ರಗಳು ತೆರೆದವು. ಮಿಷನರಿಗಳ ಮನೆಗಳಲ್ಲಿ ತೊಟ್ಟಿಲುಗಳೂ ಕಂಡವು. ಆ ಮಕ್ಕಳನ್ನು ವಿದ್ಯಾಭ್ಯಾಸಕ್ಕಾಗಿ ಯೂರೋಪಿಗೆ ಕಳುಹಿಸುವುದು ರೂಢಿಯಾಗಿತ್ತು. ಹೆರ್ಮನ್ ಗುಂಡರ್ಟರ ಮಗಳು ಮರಿಯಾ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ಪುಟ್ಟ ವಯಸ್ಸಿನಲ್ಲೇ ಕಡಲು ದಾಟಿ, ಮತ್ತೆ ಭಾರತವನ್ನು ಕಂಡದ್ದು 1857ರಲ್ಲಿ. ಮುಂದೆ ಲೇಖಕ ಹೆರ್ಮನ್ ಹೆಸ್ಸೆಗೆ ತಾಯಿಯಾದವಳು ಈಕೆಯೇ.

1869ರಲ್ಲಿ ಸುಯೆಜ್ ಕಾಲುವೆ ತೆರೆಯುವ ಮುನ್ನ ಆಫ್ರಿಕದ ತುದಿಯನ್ನು ಸುತ್ತಿಬರುವ ಹಾಯಿಹಡಗಿಗೆ ನಾಲ್ಕೈದು ತಿಂಗಳು ಬೇಕಾಗುತ್ತಿತ್ತು. ತಾಯಿಯ ಎದೆಹಾಲು ಬತ್ತಿದರೆ ಮಗುವಿಗೆ ಗತಿಯೇನು? ದೂರಯಾನದ ಹಡಗುಗಳಲ್ಲಿ ಆಡು, ಹಸುಗಳನ್ನು ಹಾಲಿಗೆಂದು ಕಟ್ಟಿಕೊಳ್ಳುತ್ತಿದ್ದರು. ಗೇಲ್ ಬೋರ್ಡನ್ ಗಟ್ಟಿಹಾಲಿನ ವಿಧಾನಕ್ಕೆ ಹಕ್ಕುಪತ್ರ ಪಡೆದದ್ದು 1856ರಲ್ಲಿ. ನೆಸ್ಲೆಯ ಶಿಶು ಆಹಾರ ಬಂದದ್ದು 1867ರಲ್ಲಿ. ಅಲ್ಲಿಯವರೆಗೆ ಮೇಲಿನ ಹಾಲೆಂದರೆ ಹಡಗಿನ ಆಡೇ.

ಔಷಧದ ಸಂಗತಿ ಇನ್ನೂ ಶೋಚನೀಯವಾಗಿತ್ತು. ಅಳುವ ಕೂಸನ್ನು ಸುಮ್ಮನಾಗಿಸಲು ಇಂಗ್ಲೆಂಡಿನಲ್ಲಿ ಗಾಡ್‌ಫ್ರೀಸ್ ಕಾರ್ಡಿಯಲ್ ಎಂಬ ಅಫೀಮಿನ ದ್ರವವನ್ನು ಕುಡಿಸುತ್ತಿದ್ದರು. ಮುಂಬಯಿಯಲ್ಲಿ ಗಿರಣಿಗೆ ಹೋಗುವ ತಾಯಂದಿರು ಬಾಲಗೋಳಿ ಎಂಬ ಅಫೀಮಿನ ಗುಳಿಗೆಯನ್ನು ಕೊಡುತ್ತಿದ್ದರು. ಎರಡೂ ರೋಗವನ್ನು ನೀಗಿಸಲಿಲ್ಲ, ರೋಗದ ಕೂಗನ್ನು ಅಡಗಿಸಿದವು. ಎಷ್ಟೋ ಕೂಸುಗಳು ಆ ನಿದ್ದೆಯಿಂದ ಮತ್ತೆ ಏಳಲಿಲ್ಲ. ಪ್ರಯಾಣದಲ್ಲಿ ಮಗು ತೊಂದರೆ ಕೊಡದಿರಲೆಂದು ಮಂಪರು ತರುವ ಸಿರಪ್ಪನ್ನು ಇಂದಿಗೂ ಕೆಲವರು ಕುಡಿಸುವುದುಂಟು. ಅಫೀಮು ಹೋಯಿತು, ಅಭ್ಯಾಸ ಹೋಗಲಿಲ್ಲ. ವಾಂತಿ ಮತ್ತು ಅಲರ್ಜಿಗೆ ಕೊಡುವ ಪ್ರೊಮೆಥಜೀನ್ ಎರಡು ವರ್ಷದೊಳಗಿನ ಮಕ್ಕಳ ಉಸಿರನ್ನೇ ತಡೆಯಬಲ್ಲದು. ವಾಸ್ತವದಲ್ಲಿ ಆ ವಯಸ್ಸಿನ ಮಕ್ಕಳನ್ನು ಕಡಲಬೇನೆ ದೊಡ್ಡವರಷ್ಟು ಕಾಡುವುದೂ ಇಲ್ಲ.

ನೂರು ಅಥವಾ ಅದಕ್ಕಿಂತ ಹೆಚ್ಚು ಜನರನ್ನು ಹೊತ್ತು ವಿದೇಶಕ್ಕೆ ಹೋಗುವ ಹಡಗಿನಲ್ಲಿ ಅರ್ಹ ವೈದ್ಯನಿರತಕ್ಕದ್ದೆಂದು ಬ್ರಿಟನ್ನಿನ 1894ರ ನೌಕಾ ಕಾಯಿದೆ ವಿಧಿಸಿತು. ಚಿಕ್ಕ ಹಡಗಿನಲ್ಲಿ ಕಪ್ತಾನನೇ ವೈದ್ಯ. ಅವನ ಬಳಿ ಒಂದು ಔಷಧಪೆಟ್ಟಿಗೆ, ಜೊತೆಗೆ 1868ರಲ್ಲಿ ಮೊದಲು ಅಚ್ಚಾದ ಕಪ್ತಾನರ ವೈದ್ಯಕೈಪಿಡಿ. ಹದಿನೈದನೆಯ ಸಂಖ್ಯೆಯ ಸೀಸೆ ಬರಿದಾದಾಗ ಏಳು ಮತ್ತು ಎಂಟನ್ನು ಬೆರೆಸಿ ಕುಡಿಸಿದ ಕಪ್ತಾನನ ನಗೆಗಥೆ ನಾವಿಕರಲ್ಲಿ ಪ್ರಸಿದ್ಧ. ಆ ಕೈಪಿಡಿ ಬಲಿತ ನಾವಿಕರಿಗಾಗಿ ಬರೆದದ್ದು, ತೊಟ್ಟಿಲ ಕೂಸಿಗಲ್ಲ.

ನಡುಗಡಲಿನ ಹಡಗು ರೇಡಿಯೋದ ಮೂಲಕ ದಡದ ವೈದ್ಯನನ್ನು ಕೇಳುವ ಏರ್ಪಾಟು 1920ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಬೆಳೆಯಿತು. 1935ರಲ್ಲಿ ಗುಯಿದೊ ಗುಯಿದಾ ಎಂಬ ವೈದ್ಯರು ರೋಮಿನಲ್ಲಿ ಇದಕ್ಕೆಂದೇ ಒಂದು ಕೇಂದ್ರವನ್ನು ಸ್ಥಾಪಿಸಿದರು. ಯಾವ ದೇಶದ ಹಡಗಿಗಾದರೂ ಅಲ್ಲಿ ಸಲಹೆ ಉಚಿತ.

ಆದರೆ ಕೂಸುಗಳ ಪ್ರಾಣವನ್ನು ಉಳಿಸಿದ ದೊಡ್ಡ ಶೋಧ ನೆಲದ ಮೇಲೆಯೇ ಆಯಿತು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದಾಗ, ಡಾ. ದಿಲೀಪ್ ಮಹಲನಬೀಸ್ ಉಪ್ಪು ಸಕ್ಕರೆಗಳ ನೀರನ್ನು ಬಾಯಿಂದಲೇ ಕುಡಿಸಿ ಅಸಂಖ್ಯರನ್ನು ಬದುಕಿಸಿದರು. ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದ ಹಿಂದಿರುವ ಕಥೆ ಇದು. ಹಡಗಿನಲ್ಲಿ ಬೇಗ ಹರಡುವುದು ವಾಂತಿಭೇದಿ. ಹಸುಗೂಸಿನ ಮೈಯಿಂದ ನೀರು ಬಸಿದುಹೋಗಲು ಕೆಲವೇ ಗಂಟೆ ಸಾಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ ಈ ನೀರನ್ನು 50ರಿಂದ 100 ಮಿಲಿಲೀಟರಿನಷ್ಟು ಚಮಚದಿಂದ ನಿಧಾನವಾಗಿ ಕುಡಿಸಬೇಕು, ಎದೆಹಾಲನ್ನು ನಿಲ್ಲಿಸಬಾರದು. ನಮ್ಮ ಅಜ್ಜಿಯರು ತೇಯ್ದು ನೆಕ್ಕಿಸುವ ಬಜೆ, ಜಾಯಿಕಾಯಿಗಳನ್ನು ಈ ಹೊತ್ತಿಗೆ ಮನೆಯಲ್ಲೇ ಬಿಟ್ಟುಬರುವುದು ಲೇಸು.

ಹಿಂದೆ ಕೂಲಿಗಳನ್ನು ದೂರದ ದ್ವೀಪಗಳಿಗೆ ಒಯ್ಯುತ್ತಿದ್ದ ಹಡಗುಗಳಲ್ಲಿ ದಡಾರ ಹೊಕ್ಕರೆ ಮಕ್ಕಳೇ ಮೊದಲ ಬಲಿ. ಇಂದು ಅನೇಕ ವಿಹಾರನೌಕೆಗಳು ಆರು ತಿಂಗಳು ತುಂಬಿದ ಕೂಸನ್ನು, ದೀರ್ಘಯಾನವಾದರೆ ವರ್ಷ ತುಂಬಿದ್ದನ್ನು ಹತ್ತಿಸಿಕೊಳ್ಳುತ್ತವೆ. ನಮ್ಮ ದೇಶದಲ್ಲಿ ದಡಾರದ ಮೊದಲ ಲಸಿಕೆ ಬೀಳುವುದು ಒಂಬತ್ತು ತಿಂಗಳು ತುಂಬಿದ ಮೇಲೆ. ನಡುವಣ ಮೂರು ತಿಂಗಳ ಅಂತರವನ್ನು ಟಿಕೇಟು ಮಾರುವವರು ಹೇಳಲಾರರು. ತಾಯಿತಂದೆಯರೇ ಮಕ್ಕಳ ವೈದ್ಯರನ್ನು ಕೇಳಿಕೊಳ್ಳಬೇಕು.

ಹಡಗಿನ ವೈದ್ಯರು ಸಾಮಾನ್ಯವಾಗಿ ಮಕ್ಕಳ ತಜ್ಞರಲ್ಲ. ಶಿಶುವಿನ ಅಳತೆಯ ಸಲಕರಣೆ ಅಲ್ಲಿರುತ್ತದೆಂಬ ಭರವಸೆಯೂ ಇಲ್ಲ. ಕೂಸಿನ ಅಳತೆಗೆ ತಕ್ಕ ಜೀವರಕ್ಷಕ ಕವಚ ಉಂಟೇ ಎಂಬುದನ್ನು ಹತ್ತುವ ಮುನ್ನವೇ ವಿಚಾರಿಸಬೇಕು. ಕಡಲಿನಿಂದ ರೋಗಿಯನ್ನು ದಡಕ್ಕೆ ತರುವ ಕಾರ್ಯವನ್ನು 1977ರಲ್ಲಿ ಹುಟ್ಟಿದ ಭಾರತೀಯ ಕೋಸ್ಟ್ ಗಾರ್ಡ್ ಮಾಡುತ್ತದೆ. ಆದರೆ ಹೆಲಿಕಾಪ್ಟರ್ ಹಾರುವುದಕ್ಕೂ ಗಾಳಿಮಳೆಯ ಅನುಮತಿ ಬೇಕು. ಅಲ್ಲಿಯವರೆಗೆ ವೈದ್ಯರು, ಹಡಗಿನವರಾಗಲಿ ರೇಡಿಯೋದ ಆಚೆಯವರಾಗಲಿ, ಮೊದಲು ಕೇಳುವುದು ಮಗುವಿನ ತೂಕವನ್ನು, ಏಕೆಂದರೆ ಶಿಶುವಿನ ಔಷಧವೆಲ್ಲ ತೂಕದ ಲೆಕ್ಕ. ಹೊರಡುವ ಮುನ್ನಾದಿನ ತೂಗಿಸಿ, ಲಸಿಕೆಯ ಕಾರ್ಡಿನ ಮೇಲೆ ಕಿಲೋ ಮತ್ತು ಗ್ರಾಂಗಳಲ್ಲಿ ಬರೆದಿಟ್ಟುಕೊಳ್ಳಿ.